ಯಾರೂ ಕೇಳದ ರೋಸಿ ಬೋವಾ

ಅಮೆರಿಕದಲ್ಲಿ ಹಾವು ಸಾಕುವವರ ಮೇಳಗಳಿಗೆ ಹೋದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಅಲ್ಲಿ ಬಾಲ್ ಪೈಥಾನ್ ಅನ್ನುವ ಹೆಬ್ಬಾವಿನದೇ ದರ್ಬಾರು. ದೊಡ್ಡ ಹಾಲ್, ಸಾಲು ಸಾಲು ಟೇಬಲ್, ಟೇಬಲ್ ತುಂಬಾ ಮುಚ್ಚಳ ಹಾಕಿದ ಪ್ಲಾಸ್ಟಿಕ್ ಡಬ್ಬಿಗಳು, ಡಬ್ಬಿಗೊಂದರಂತೆ ಮುದುಡಿಕೊಂಡ ಮರಿ. ಹಳದಿ, ಬಿಳಿ, ಕಿತ್ತಳೆ, ಮಚ್ಚೆ ಇರುವುದು, ಮಚ್ಚೆ ಇಲ್ಲದ್ದು. ಚೀಟಿಯ ಮೇಲೆ ಒಂದೊಂದು ಬಣ್ಣಕ್ಕೆ ಬನಾನಾ, ಕ್ಲೌನ್, ಪೈಡ್, ಮೊಹಾವೆ ಅಂತೆಲ್ಲ ಹೆಸರು. ಹೆಸರು ಉದ್ದವಾದಷ್ಟೂ ರೇಟು ಜಾಸ್ತಿ. ಇನ್ನು ಯಾವುದೋ ಮೂಲೆಯ ಟೇಬಲ್‌ನ ತುದಿಯಲ್ಲಿ, ಹಲ್ಲಿ ಮಾರುವವರ ಪಕ್ಕದಲ್ಲಿ, ನಾಲ್ಕೈದು ಡಬ್ಬಿ ರೋಸಿ ಬೋವಾ ಹಾವುಗಳಿರುತ್ತವೆ. ಜನ ಬಗ್ಗಿ ನೋಡುತ್ತಾರೆ, ಓಹೋ ಅಂದು ಮುಂದಕ್ಕೆ ಹೋಗುತ್ತಾರೆ.

ತಮಾಷೆ ಏನಂದರೆ, ಆ ಮೊಹಾವೆ ಅನ್ನುವ ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಹಾವು. ಘಾನಾ, ಟೋಗೋ, ಬೆನಿನ್ ಕಡೆಯದು. ಅಮೆರಿಕದ ಮೊಹಾವೆ ಮರುಭೂಮಿಯನ್ನು ಅದರ ಮುತ್ತಜ್ಜನೂ ಕಂಡಿಲ್ಲ. ಆ ಮರುಭೂಮಿಯ ಬಂಡೆ ಸಂದಿಗಳಲ್ಲಿ ನಿಜವಾಗಿ ಹುಟ್ಟಿ ಬೆಳೆಯುವ ಹಾವು ಮೂಲೆಯ ಡಬ್ಬಿಯಲ್ಲಿ ಕೂತಿದೆ, ಅದನ್ನು ಕೇಳುವವರೇ ಇಲ್ಲ.

ನನ್ನ ಮನೆಯಲ್ಲಿರುವುದು ಈ ಕೇಳುವವರಿಲ್ಲದ ಹಾವೇ. ನಾವಿರುವುದು ಸ್ಯಾನ್ ಡಿಯಾಗೋ ಹತ್ತಿರ. ಹಾಗೆ ನೋಡಿದರೆ ಅದು ಇಲ್ಲಿನ ಮೂಲನಿವಾಸಿ, ವಲಸೆ ಬಂದವನು ನಾನು. ದಕ್ಷಿಣ ಕ್ಯಾಲಿಫೋರ್ನಿಯಾ, ಅರಿಜೋನಾದ ಪಶ್ಚಿಮ ಭಾಗ, ಗಡಿ ದಾಟಿದರೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಮತ್ತು ಸೊನೋರಾ, ಇಷ್ಟೇ ಅದರ ಪ್ರಪಂಚ. ಅಮೆರಿಕದ ಮುಖ್ಯ ನೆಲದಲ್ಲಿ ಬೋವಾಗಳಿರುವುದೇ ಅಪರೂಪ. ಒಂದು ಈ ರೋಸಿ, ಇನ್ನೊಂದು ತಂಪು ಕಾಡುಗಳ ರಬ್ಬರ್ ಬೋವಾ. ಮಿಕ್ಕ ಬೋವಾಗಳೆಲ್ಲ ಹೊರಗಿನವು.

ಬೋವಾ ಅಂದ ಕೂಡಲೇ ನಮ್ಮ ಊರಿನವರಿಗೆ ಅನಕೊಂಡಾ ನೆನಪಾಗುತ್ತದೆ. ಅನಕೊಂಡಾ ಕೂಡ ಇದೇ ಕುಟುಂಬದ್ದು, ಸುಳ್ಳಲ್ಲ. ಆದರೆ ರೋಸಿ ಎರಡು ಅಡಿ, ಎರಡೂವರೆ ಅಡಿ, ತುಂಬಾ ಬೆಳೆದರೆ ಮೂರು ಅಡಿ ಚಿಲ್ಲರೆ. ಎರಡು ಬೆರಳು ದಪ್ಪ. ಬೂದಿ ಕಲಸಿದ ಕೆನೆ ಬಣ್ಣದ ಮೈ, ಅದರ ಮೇಲೆ ತಲೆಯಿಂದ ಬಾಲದವರೆಗೆ ಇಟ್ಟಿಗೆ ಬಣ್ಣದ ಮೂರು ಪಟ್ಟೆ. ತಲೆ ಚಿಕ್ಕದು, ಕುತ್ತಿಗೆ ಎಲ್ಲಿ ಶುರುವಾಯಿತು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಕೇರೆ ಹಾವಿನ ತಲೆಯ ಮೇಲಿರುವಂಥ ದೊಡ್ಡ ಹುರುಪೆಗಳು ಇದಕ್ಕಿಲ್ಲ, ಮೂತಿಯಿಂದಲೇ ಸಣ್ಣ ಸಣ್ಣ ಹುರುಪೆಗಳು. ಕಣ್ಣಿನ ಪಾಪೆ ಉದ್ದಕ್ಕೆ ಸೀಳಿದ ಹಾಗೆ. ಕೈಗೆ ತೆಗೆದುಕೊಂಡರೆ ನುಣುಪಾಗಿ, ತಣ್ಣಗೆ, ಸ್ವಲ್ಪ ಭಾರವಾಗಿ ಇರುತ್ತದೆ. ಮತ್ತೆ ನಿಧಾನ. ಎಷ್ಟು ನಿಧಾನ ಅಂದರೆ, ಫೋನ್‌ನಲ್ಲಿ ವಿಡಿಯೋ ಮಾಡಿ ಕಳಿಸಿದರೆ ನೋಡಿದವರು ಇದು ಫೋಟೋನಾ ಅಂತ ಕೇಳುತ್ತಾರೆ.

ಯಾಕೆ ಯಾರಿಗೂ ಬೇಡ ಅನ್ನುವುದಕ್ಕೆ ಕಾರಣ ಸರಳ. ದುಡ್ಡು. ಬಾಲ್ ಪೈಥಾನ್‌ನಲ್ಲಿ ಬಣ್ಣ ಬದಲಾಯಿಸುವ ಜೀನ್‌ಗಳು ರಾಶಿ ರಾಶಿ ಸಿಕ್ಕಿವೆ. ಒಂದಕ್ಕೊಂದು ಸೇರಿಸುತ್ತಾ ಹೋದರೆ ವರ್ಷಕ್ಕೊಂದು ಹೊಸ ಬಣ್ಣ, ಹೊಸ ಹೆಸರು, ಹೊಸ ರೇಟು. ರೋಸಿಯಲ್ಲೂ ಬಿಳಿಚು ಬಣ್ಣದ ಆಲ್ಬಿನೋ ಇದೆ, ಇನ್ನೂ ಒಂದೆರಡು ಬಗೆ ಇವೆ, ಅಲ್ಲಿಗೆ ಆಟ ಮುಗಿಯಿತು. ಮೇಲಾಗಿ ಹೆಣ್ಣು ಪ್ರತಿ ವರ್ಷ ಮರಿ ಹಾಕುತ್ತದೆ ಅನ್ನುವ ಖಾತ್ರಿ ಇಲ್ಲ. ಹುಟ್ಟಿದ ಮರಿಗಳಲ್ಲಿ ಕೆಲವು ಮೊದಮೊದಲು ತಿನ್ನಲು ಹಠ ಮಾಡುತ್ತವೆ. ವ್ಯಾಪಾರಿಗೆ ಇಷ್ಟು ಸಾಕಲ್ವಾ, ಬಿಟ್ಟುಬಿಡುತ್ತಾನೆ.

ಆದರೆ ಸಾಕುವವನಿಗೆ ವ್ಯಾಪಾರಿಯ ಲೆಕ್ಕ ಯಾಕೆ? ಬಾಲ್ ಪೈಥಾನ್ ತಂದ ಸ್ನೇಹಿತರು ತಿಂಗಳುಗಟ್ಟಲೆ ಅದರ ಉಪವಾಸ ನೋಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಇಲಿ ಬಣ್ಣ ಸರಿಯಿಲ್ಲ, ಬಿಸಿ ಸಾಲದು, ಡಬ್ಬಿ ದೊಡ್ಡದಾಯಿತು, ಏನೇನೋ ನೆಪ. ಬೆಳೆದ ರೋಸಿಗೆ ಆ ತಕರಾರಿಲ್ಲ. ಕೊಟ್ಟರೆ ತಿನ್ನುತ್ತದೆ. ಗಂಡು ಮಾತ್ರ ವಸಂತದಲ್ಲಿ ಹೆಣ್ಣಿನ ಧ್ಯಾನದಲ್ಲಿ ಕೆಲವು ವಾರ ಊಟ ಬಿಡಬಹುದು. ಅದು ಅದರ ಪಾಡು.

ಇನ್ನೊಂದು ವಿಷಯ ಇದೆ, ನನಗೆ ಈ ಹಾವಿನ ಮೇಲೆ ಮನಸ್ಸಾಗಲು ಅದೇ ಮುಖ್ಯ ಕಾರಣ. ರೋಸಿ ಬೋವಾ ಸಾಕುವವರು ಬಣ್ಣದ ಹೆಸರು ಹೇಳುವುದಿಲ್ಲ, ಊರಿನ ಹೆಸರು ಹೇಳುತ್ತಾರೆ. ಇದು ಮೊರೊಂಗೋ, ಇದು ವೈಟ್‌ವಾಟರ್, ಇದು ಸ್ಯಾನ್ ಫೆಲಿಪೆ, ಇದು ಬಾಹಿಯಾ ದೆ ಲೋಸ್ ಆಂಜಲಿಸ್, ಇದು ಸ್ಯಾನ್ ಡಿಯಾಗೋ ಕರಾವಳಿ. ಯಾವ ಕಣಿವೆಯಿಂದ ಅದರ ಅಜ್ಜ ಅಜ್ಜಿ ಬಂದರೋ ಆ ಕಣಿವೆಯ ಹೆಸರು. ಒಂದು ಕಣಿವೆಯದನ್ನು ಇನ್ನೊಂದು ಕಣಿವೆಯದರ ಜೊತೆ ಕೂಡಿಸುವುದಿಲ್ಲ, ಕೂಡಿಸಿದವನನ್ನು ಉಳಿದವರು ಒಂಥರಾ ನೋಡುತ್ತಾರೆ. ಮೊದಲ ಸಲ ಈ ಚೀಟಿಗಳನ್ನು ಓದಿದಾಗ ನಮ್ಮ ಕಡೆಯ ಇನಿಶಿಯಲ್ ನೆನಪಾಯಿತು. ಊರು ಬಿಟ್ಟು ಮೂರು ತಲೆಮಾರಾದರೂ, ಆ ಊರಿನ ಹಾದಿ ಮರೆತಿದ್ದರೂ, ಹೆಸರಿನ ಮುಂದೆ ಊರಿನ ಅಕ್ಷರ ಮಾತ್ರ ಬಿಡುವುದಿಲ್ಲ ನೋಡಿ, ಹಾಗೆ.

ಇದು ಸುಮ್ನೆ ಹುಚ್ಚಲ್ಲ. ಒಂದೊಂದು ಬೆಟ್ಟದ ರೋಸಿಯೂ ನಿಜವಾಗಿ ಬೇರೆ ಬೇರೆಯಾಗಿ ಕಾಣುತ್ತದೆ. ಕರಾವಳಿ ಕಡೆಯದರಲ್ಲಿ ಪಟ್ಟೆಯ ಅಂಚು ಹರಡಿಕೊಂಡಿರುತ್ತದೆ, ಪಟ್ಟೆ ಎಲ್ಲಿ ಮುಗಿಯಿತು ಮೈ ಎಲ್ಲಿ ಶುರುವಾಯಿತು ಅಂತ ಹೇಳುವುದು ಕಷ್ಟ. ಬಾಹಾದ ಕೆಲವು ಕಡೆಯದರಲ್ಲಿ ಗೆರೆ ಹಾಕಿ ಬಣ್ಣ ತುಂಬಿದ ಹಾಗೆ ಚೊಕ್ಕ. ನಿಧಾನದ ಹಾವು, ದೂರ ಹೋಗುವುದಿಲ್ಲ, ಬಂಡೆಗಳನ್ನು ಬಿಟ್ಟು ಬಯಲಿಗೆ ಬರುವುದು ಕಡಿಮೆ, ಹಾಗಾಗಿ ಬೆಟ್ಟಕ್ಕೊಂದು ರೂಪ ಉಳಿದುಕೊಂಡಿದೆ. ಎಡ್ವರ್ಡ್ ಕೋಪ್ ಅನ್ನುವ ವಿಜ್ಞಾನಿ 1861ರಲ್ಲಿ ಬಾಹಾದ ತುದಿಯಿಂದ ಬಂದ ಹಾವನ್ನು ನೋಡಿ ಲೈಕನೂರಾ ಟ್ರೈವಿರ್ಗಾಟಾ ಅಂತ ಹೆಸರಿಟ್ಟ. 1889ರಲ್ಲಿ ಸ್ಟೈನೆಗರ್ ಅನ್ನುವವನು ಸ್ಯಾನ್ ಡಿಯಾಗೋ ಕಡೆಯದಕ್ಕೆ ಇಲ್ಲಿನ ಆರ್ಕಟ್ ಅನ್ನುವ ನಿಸರ್ಗಪ್ರೇಮಿಯ ಹೆಸರು ಸೇರಿಸಿ ಆರ್ಕಟಿ ಅಂದ. ಆಮೇಲೆ ಎಲ್ಲ ಒಂದೇ ಅಂದರು, ಉಪಜಾತಿ ಅಂದರು, 2008ರಲ್ಲಿ ಡಿಎನ್‌ಎ ನೋಡಿ ಮತ್ತೆ ಎರಡು ಅಂದರು. ಸಾಕುವವರು ಈಗಲೂ ಜಗಳ ಆಡುತ್ತಾರೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ, ಕಣಿವೆಯ ಹೆಸರು ಸಾಕು.

ಕಾನೂನಿನ ವಿಷಯ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಕಾಡಿನಿಂದ ರೋಸಿ ಹಿಡಿಯಲು ಲೈಸೆನ್ಸ್ ಬೇಕು, ಅದೂ ಮೀನು ಹಿಡಿಯುವ ಲೈಸೆನ್ಸ್! ಇದನ್ನು ಕೇಳಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಲೈಸೆನ್ಸ್ ಇದ್ದರೂ ಒಬ್ಬರಿಗೆ ಎರಡೇ, ಮತ್ತು ಹಿಡಿದದ್ದನ್ನು ಮಾರುವಂತಿಲ್ಲ. ಇಲ್ಲಿನ ಸ್ವಂತ ಹಾವುಗಳಲ್ಲಿ ಪರವಾನಗಿ ತೆಗೆದುಕೊಂಡು ಮರಿ ಮಾಡಿಸಿ ಮಾರಲು ಬಿಟ್ಟಿರುವ ಕೆಲವೇ ಜಾತಿಗಳಲ್ಲಿ ಇದೂ ಒಂದು. ನನ್ನದು ಹಾಗೆ ಡಬ್ಬಿಯಲ್ಲೇ ಹುಟ್ಟಿದ್ದು. ಬಂಡೆ ನೋಡಿಲ್ಲ, ಹದ್ದು ನೋಡಿಲ್ಲ.

ಇನ್ನು ಸಾಕುವ ವಿಧಾನ. ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು, ಒಣಗಿರಲಿ. ಮಳೆಯೇ ಅಪರೂಪವಾದ ಸೀಮೆಯ ಹಾವು ಇದು. ಡಬ್ಬಿಯೊಳಗೆ ತೇವ ಜಾಸ್ತಿಯಾದರೆ ತಿಂದದ್ದನ್ನು ಕಕ್ಕುತ್ತದೆ, ಉಸಿರಾಟದ ತೊಂದರೆ ಬರುತ್ತದೆ. ದೊಡ್ಡ ಬಟ್ಟಲಿನಲ್ಲಿ ನೀರಿಟ್ಟು ಪುಣ್ಯ ಕಟ್ಟಿಕೊಳ್ಳುವುದು ಬೇಡ. ಉರುಳದಂಥ ಚಿಕ್ಕ ಭಾರದ ಬಟ್ಟಲು ಸಾಕು, ಅದನ್ನೂ ತಂಪಿನ ಕಡೆ ಇಡಬೇಕು. ಕೆಲವರು ಒಂದೆರಡು ದಿನ ನೀರಿಟ್ಟು ತೆಗೆದುಬಿಡುತ್ತಾರೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪೆಟ್ಟಿಗೆ ಬೆಳೆದ ಹಾವಿಗೆ ಆರಾಮಾಗಿ ಆಗುತ್ತದೆ. ಕೆಳಗೆ ಆಸ್ಪೆನ್ ಮರದ ಸಿಪ್ಪೆ. ಒಂದು ಕಡೆ 30 ರಿಂದ 32 ಡಿಗ್ರಿ ಬೆಚ್ಚಗೆ, ಇನ್ನೊಂದು ಕಡೆ 22 ರಿಂದ 24 ಡಿಗ್ರಿ. ಬೆಚ್ಚನೆಯ ಚಾಪೆಗೆ ಥರ್ಮೋಸ್ಟಾಟ್ ಇರಲೇಬೇಕು, ಇಲ್ಲದಿದ್ದರೆ ಹೊಟ್ಟೆ ಸುಟ್ಟುಹೋಗುತ್ತದೆ. ಎರಡೂ ಕಡೆ ಅಡಗಿಕೊಳ್ಳಲು ಚಪ್ಪಟೆ ಕಲ್ಲು ಅಥವಾ ಮರದ ತೊಗಟೆ, ಬೆನ್ನಿಗೆ ತಾಗುವಷ್ಟು ತಗ್ಗಿನದು. ಮೇಲೆ ಕೆಳಗೆ ಒತ್ತಿಕೊಂಡು ಇದ್ದರೇ ಅದಕ್ಕೆ ಧೈರ್ಯ. ಮುಚ್ಚಳಕ್ಕೆ ಕೊಂಡಿ ಬೇಕೇ ಬೇಕು. ನಿಧಾನ ಅಂದೆನಲ್ಲ, ಪೆದ್ದು ಅನ್ನಲಿಲ್ಲ. ರಾತ್ರಿಯಿಡೀ ಮೂಲೆ ಮೂಲೆ ಮೂತಿಯಿಂದ ತಳ್ಳಿ ನೋಡುತ್ತದೆ, ಸಂದಿ ಸಿಕ್ಕರೆ ಹೋಯಿತು.

ಊಟ ಹತ್ತು ದಿನಕ್ಕೋ ಎರಡು ವಾರಕ್ಕೋ ಒಂದು ಇಲಿ. ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯನ್ನು ಜಿಪ್ ಕವರ್‌ನಲ್ಲಿ ಹಾಕಿ ಬಿಸಿ ನೀರಿನಲ್ಲಿ ಬಿಟ್ಟು, ಒಳಗಿನವರೆಗೆ ಬೆಚ್ಚಗಾಗಿದೆ ಅಂತ ಖಾತ್ರಿ ಮಾಡಿಕೊಂಡು, ಉದ್ದ ಚಿಮಟದಲ್ಲಿ ಹಿಡಿದು ಹತ್ತಿರ ತರಬೇಕು. ಆಗ ನೋಡಬೇಕು. ಅಲ್ಲಿಯವರೆಗೆ ತೊಗಟೆಯ ಕೆಳಗೆ ಕಲ್ಲಿನ ಹಾಗೆ ಬಿದ್ದಿದ್ದ ಪ್ರಾಣಿಯ ಮೂತಿ ಒಂದು ಇಂಚು ಹೊರಗೆ ಬರುತ್ತದೆ. ನಾಲಿಗೆ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ನಿಧಾನವಾಗಿ ಆಡುತ್ತದೆ, ಆಮೇಲೆ ಸ್ವಲ್ಪ ಬೇಗ ಬೇಗ. ಕುತ್ತಿಗೆ ಸೊಟ್ಟಗಾಗುತ್ತದೆ. ಆಮೇಲಿನದು ನನ್ನ ಕಣ್ಣಿಗೆ ಇವತ್ತಿನವರೆಗೂ ಸರಿಯಾಗಿ ಸಿಕ್ಕಿಲ್ಲ. ಇಲಿ ಚಿಮಟದಲ್ಲಿತ್ತು, ಈಗ ಎರಡು ಸುತ್ತು ಸುತ್ತಿಕೊಂಡ ಪಟ್ಟೆಗಳ ನಡುವೆ ಅದರ ಹಿಂಗಾಲು ಮಾತ್ರ ಕಾಣುತ್ತಿದೆ. ಇಲಿ ಸತ್ತೇ ಎಷ್ಟೋ ತಿಂಗಳಾಗಿದೆ, ಆದರೂ ಬಿಗಿಯಾಗಿ ಹಿಡಿದು ಕಾಯುತ್ತದೆ, ಇನ್ನೂ ಉಸಿರಿದೆಯೋ ಏನೋ ಅಂತ. ಸುತ್ತು ಸಡಿಲಿಸಿ, ಮೂತಿಯಿಂದ ತಡಕಾಡಿ, ಇಲಿಯ ತಲೆ ಎಲ್ಲಿದೆ ಅಂತ ಹುಡುಕಿ, ಅಲ್ಲಿಂದ ನುಂಗಲು ಶುರು. ಕಾಡಿನಲ್ಲಿ ಇಲಿಗೂಡಿಗೆ ನುಗ್ಗಿದಾಗ ಒಂದನ್ನು ಬಾಯಲ್ಲಿ ಹಿಡಿದು ಇನ್ನೊಂದೆರಡು ಮರಿಗಳನ್ನು ಮೈಯ ಸುತ್ತಿನಲ್ಲೇ ಒತ್ತಿ ಹಿಡಿಯಬಲ್ಲದು ಇದು. ತಾಯಿ ಇಲಿ ಕಚ್ಚಲು ಬಂದರೆ ಮೊಂಡು ಬಾಲವನ್ನು ಮುಂದೆ ಮಾಡುತ್ತದೆ. ಕಚ್ಚಿಸಿಕೊಳ್ಳುವುದು ಬಾಲ, ತಿನ್ನುವುದು ತಲೆ.

ಈ ಫ್ರೀಜರ್ ವಿಷಯಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಪಂಚಾಯ್ತಿ ಆಗಿತ್ತು. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ನಮ್ಮದು. ಕೊನೆಗೆ ಗರಾಜಿನಲ್ಲಿ ಒಂದು ಪುಟ್ಟ ಫ್ರೀಜರ್ ಇಟ್ಟು, ಅದಕ್ಕೆ ಬೇರೆ ಪಾತ್ರೆ, ಬೇರೆ ಚಿಮಟ, ಬೇರೆ ಸೋಪು ಅಂತ ಒಪ್ಪಂದವಾಯಿತು. ಅಮ್ಮ ಊರಿನಿಂದ ಬಂದಾಗ ಆ ಫ್ರೀಜರ್ ಕಡೆ ಬೆರಳು ತೋರಿಸಿ ಮಗಳು ಏನೋ ಹೇಳಲು ಹೋದಳು. ನಾನು ಕಣ್ಣು ಬಿಟ್ಟೆ. ಮೂರನೇ ದಿನ ಅಮ್ಮನೇ ಕೇಳಿದರು.

"ಅದಕ್ಕೆ ಹಾಲು ಇಡಲ್ವೇನೋ?"

"ಹಾವು ಹಾಲು ಕುಡಿಯಲ್ಲ ಅಮ್ಮ."

"ಮತ್ತೆ ನಾವು ಹುತ್ತಕ್ಕೆ ಹಾಕ್ತಿದ್ದಿದ್ದು?"

"ಅದು ಹುತ್ತಕ್ಕೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆಟ್ಟಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಕೂತಿದ್ದಷ್ಟು ಹೊತ್ತೂ ಹಾವು ಮಿಸುಕಲಿಲ್ಲ. "ಯಾವಾಗ ನೋಡಿದ್ರೂ ಮಲಗೇ ಇರ್ತಾನಲ್ಲೋ ಇವನು, ರಂಗನಾಥ ಅಂತ ಹೆಸರಿಡು" ಅಂದರು. ಹೆಸರು ಹಾಗೇ ನಿಂತಿತು. ಹಾವಿನ ಮೇಲೆ ಮಲಗುವ ದೇವರ ಹೆಸರು ಹಾವಿಗೇ ಬಂತು. ಅಮ್ಮನ ಆರು ತಿಂಗಳ ವೀಸಾ ಮುಗಿಯುವ ಹೊತ್ತಿಗೆ, ಇವತ್ತು ರಂಗ ಈಚೆಗೆ ಬಂದಿದ್ದ, ಇವತ್ತು ಪೊರೆ ಬಿಟ್ಟ, ಅಂತ ದೊಡ್ಡಮ್ಮನಿಗೆ ಫೋನಿನಲ್ಲಿ ವರದಿ ಹೋಗುತ್ತಿತ್ತು. ಮುಟ್ಟಲಿಲ್ಲ ಮಾತ್ರ. ಕೈ ಮುಗಿದರು.

ರಂಗ ಗಂಡು ಅಂತ ಗೊತ್ತಾದದ್ದು ಬಾಲದ ಬುಡ ನೋಡಿ. ಬೋವಾಗಳಿಗೆ ಅಲ್ಲಿ ಎರಡು ಪುಟ್ಟ ಉಗುರುಗಳಿರುತ್ತವೆ. ಯಾವುದೋ ಕಾಲದಲ್ಲಿ ಇದ್ದ ಹಿಂಗಾಲಿನ ಗುರುತು ಅದು. ಗಂಡಿನಲ್ಲಿ ಎದ್ದು ಕಾಣುತ್ತವೆ, ಹೆಣ್ಣಿನಲ್ಲಿ ಹುಡುಕಬೇಕು. ರೋಸಿಗಳು ಮೊಟ್ಟೆ ಇಡುವುದಿಲ್ಲ, ನಾಲ್ಕು ತಿಂಗಳ ಬಸುರಿನ ನಂತರ ನೇರ ಮರಿ ಹಾಕುತ್ತವೆ. ಮರಿಯೇ ಒಂದಡಿ ಉದ್ದ. ತಾಯಿಯೇ ಎರಡೂವರೆ ಅಡಿ ಇರುವಾಗ ಹೊಟ್ಟೆಯಲ್ಲಿ ಅಂಥ ಐದಾರು ಇದ್ದವು ಅಂದರೆ ಆಶ್ಚರ್ಯವಾಗುತ್ತದೆ.

ಚಳಿಗಾಲದಲ್ಲಿ ಮಲಗಿಸುವುದು ಇನ್ನೊಂದು ಕೆಲಸ. ಸುಮ್ನೆ ಸಾಕುವವರಿಗೆ ಇದು ಕಡ್ಡಾಯವಲ್ಲ, ಮರಿ ಮಾಡಿಸುವವರಿಗೆ ಬೇಕು. ಆದರೆ ನವೆಂಬರ್ ಬಂದರೆ ರಂಗನೇ ಊಟಕ್ಕೆ ಮುಖ ತಿರುಗಿಸುತ್ತಾನೆ, ಹಾಗಾಗಿ ಅವನ ಇಷ್ಟದಂತೆ ಆಗಲಿ ಅಂತ ಬಿಡುತ್ತೇನೆ. ಕೊನೆಯ ಊಟವಾದ ಮೇಲೆ ಎರಡು ಮೂರು ವಾರ ಬಿಸಿ ಹಾಗೇ ಇರಬೇಕು, ಹೊಟ್ಟೆ ಪೂರ್ತಿ ಖಾಲಿಯಾಗಬೇಕು. ಇಲ್ಲದಿದ್ದರೆ ತಣ್ಣಗಿನ ಮೈಯಲ್ಲಿ ಇಲಿ ಅರಗುವುದಿಲ್ಲ, ಒಳಗೇ ಕೊಳೆಯುತ್ತದೆ. ಆಮೇಲೆ ಬಿಸಿ ಆರಿಸಿ ಗರಾಜಿನಲ್ಲಿಟ್ಟರೆ ಆಯಿತು, ಇಲ್ಲಿನ ಚಳಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನೀರು ಮಾತ್ರ ಇರುತ್ತದೆ. ಫೆಬ್ರವರಿ ಕೊನೆಗೆ ಮತ್ತೆ ಬೆಚ್ಚಗೆ ಮಾಡಿದರೆ ಕೆಲವು ದಿನಕ್ಕೆ ಕಣ್ಣು ಬೆಳ್ಳಗೆ ಮಂಜಾಗಿ, ಮತ್ತೆ ತಿಳಿಯಾಗಿ, ಒಂದು ರಾತ್ರಿ ಪೊರೆ ಕಳಚಿ, ಮೂರೂ ಪಟ್ಟೆ ಹೊಸದಾಗಿ ಬಳಿದ ಹಾಗೆ ಹೊರಗೆ ಬರುತ್ತಾನೆ.

ಇಷ್ಟೆಲ್ಲ ಮಾಡಿದರೆ ಪ್ರೀತಿ ತೋರಿಸುತ್ತದಾ ಅಂತ ಕೇಳುತ್ತಾರೆ. ಇಲ್ಲ. ನನ್ನನ್ನು ಕಂಡರೆ ಅದಕ್ಕೆ ಏನೂ ಅನ್ನಿಸುವುದಿಲ್ಲ, ಭಯ ಕೂಡ. ಹೊಸಬರು ಎತ್ತಿದರೆ ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ನಡುವೆ ಹುದುಗಿಸುತ್ತದೆ. ನಾನು ಎತ್ತಿದರೆ ಮಣಿಕಟ್ಟಿಗೆ ಸುತ್ತಿಕೊಂಡು ಬಿಸಿ ತೆಗೆದುಕೊಳ್ಳುತ್ತದೆ. ಅಷ್ಟೇ ವ್ಯತ್ಯಾಸ. ಕಚ್ಚುವುದು ತುಂಬಾ ಕಡಿಮೆ, ಕೈಗೆ ಇಲಿ ವಾಸನೆ ಇದ್ದರೆ ಮಾತ್ರ ಬೆರಳನ್ನೇ ಊಟ ಅಂದುಕೊಳ್ಳುತ್ತದೆ, ಅದಕ್ಕೆ ಸೋಪು ಸಾಕು. ದಿನವಿಡೀ ಮೀಟಿಂಗ್‌ನಲ್ಲಿ ಎಲ್ಲರಿಗೂ ಏನಾದರೊಂದು ಅನ್ನಿಸುವಂತೆ ಮಾಡುವ ಕೆಲಸ ನನ್ನದು. ಸಂಜೆ ಮನೆಗೆ ಬಂದು, ನನ್ನಿಂದ ಏನೂ ಬಯಸದ, ನನ್ನ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದ ಒಂದು ಜೀವವನ್ನು ಕೈಯಲ್ಲಿ ಹಿಡಿದು ಕೂರುವುದರಲ್ಲಿ ಒಂದು ಸುಖ ಇದೆ. ನಾಯಿ ಸಾಕಿದವರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಆಗಿಲ್ಲ.

ಪೆಟ್ಟಿಗೆಯಲ್ಲಿಡುವುದು ಸರಿಯಾ ಅನ್ನುವ ಪ್ರಶ್ನೆಯೂ ಬರುತ್ತದೆ, ಬರಬೇಕು. ನಾಲ್ಕೂರು ತಿರುಗುವ ಕೇರೆ ಹಾವನ್ನೋ ನಾಗರನನ್ನೋ ಗಾಜಿನಲ್ಲಿಡುವುದನ್ನು ನಾನು ಒಪ್ಪುವುದಿಲ್ಲ. ರೋಸಿಯ ಬದುಕು ಕಾಡಿನಲ್ಲೂ ಬಹುಪಾಲು ಒಂದು ಕಲ್ಲಿನ ಕೆಳಗೇ. ಆ ಸಮಾಧಾನ ನನಗಿದೆ, ಪೂರ್ತಿ ಇಲ್ಲ. ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಹಾವು ಇದು, ತರುವ ಮುಂಚೆ ಅದನ್ನು ಯೋಚಿಸಬೇಕು. ಮಗಳು ಕಾಲೇಜಿಗೆ ಹೋಗುತ್ತಾಳೆ, ನಾನು ರಿಟೈರ್ ಆಗುತ್ತೇನೆ, ರಂಗ ಇರುತ್ತಾನೆ.

ಕಾಡಿನ ರೋಸಿಯನ್ನು ನೋಡಿದ್ದು ಆಂಜಾ ಬೊರೇಗೋ ಮರುಭೂಮಿ ಪಾರ್ಕಿನಲ್ಲಿ, ಮೇ ತಿಂಗಳ ಒಂದು ರಾತ್ರಿ. ರಾತ್ರಿ ಕಾರಿನಲ್ಲಿ ನಿಧಾನವಾಗಿ ಹೋಗುತ್ತಾ ರಸ್ತೆಯ ಮೇಲೆ ಹಾವು ಹುಡುಕುವ ಅಭ್ಯಾಸ ಈ ಕಡೆ ಬೆಳೆದದ್ದೇ ಲಾರೆನ್ಸ್ ಕ್ಲಾಬರ್ ಕಾಲದಲ್ಲಿ. ಅವನು ಸ್ಯಾನ್ ಡಿಯಾಗೋದ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್, ಕೊನೆಗೆ ಅದರ ಮುಖ್ಯಸ್ಥನೂ ಆದ. ಹಾವಿನ ವಿಷಯದಲ್ಲಿ ಮಾತ್ರ ಪ್ರೊಫೆಸರ್‌ಗಳು ಅವನನ್ನು ಕೇಳಿ ಬರೆಯುತ್ತಿದ್ದರು. ಹಗಲು ನೌಕರಿ, ರಾತ್ರಿ ಹಾವು. 1931ರಲ್ಲಿ ಒಂದು ಬಗೆಯ ರೋಸಿಗೆ ಹೆಸರಿಟ್ಟವನೂ ಅವನೇ. ಐಟಿಯಲ್ಲಿದ್ದುಕೊಂಡು ಹಾವಿನ ಹುಚ್ಚು ಹಚ್ಚಿಕೊಂಡವರಿಗೆ ಅವನನ್ನು ನೆನೆದರೆ ಸ್ವಲ್ಪ ಧೈರ್ಯ ಬರುತ್ತದೆ.

ಹೆಡ್‌ಲೈಟ್ ಬೆಳಕಿನಲ್ಲಿ ಮೊದಲು ಕೋಲು ಅಂದುಕೊಂಡೆ. ಪಟ್ಟೆ ಕಂಡಿತು. ಪಾರ್ಕಿನೊಳಗೆ ಯಾವ ಪ್ರಾಣಿಗೂ ಕೈ ಹಚ್ಚಬಾರದು, ಆದ್ದರಿಂದ ಕಾರು ನಿಲ್ಲಿಸಿ ಇಂಡಿಕೇಟರ್ ಹಾಕಿ ಕಾದೆ. ಎರಡು ಲೇನ್‌ನ ರಸ್ತೆ. ಅದು ದಾಟುತ್ತಲೇ ಇತ್ತು, ದಾಟುತ್ತಲೇ ಇತ್ತು. ಹಿಂದೆ ಒಂದು ಪಿಕಪ್ ಬಂದು ನಿಂತಿತು, ಹಾರ್ನ್ ಆಯಿತು. ಇಳಿದು ಹೋಗಿ ಹೇಳಿದೆ, ಹಾವು ದಾಟುತ್ತಿದೆ ಅಂತ. ಯಾವ ಹಾವು ಅಂದ. ರೋಸಿ ಅಂದೆ. ಇಂಜಿನ್ ಆರಿಸಿ ಅವನೂ ಬಂದು ನಿಂತ.

ಇದನ್ನೆಲ್ಲ ನೋಡುವಾಗ ನನಗೆ ಊರಿನ ಮಣ್ಣುಮುಕ್ಕ ಹಾವು ನೆನಪಾಗದೆ ಇರುವುದಿಲ್ಲ. ನಮ್ಮದು ಶಿರಾ ಕಡೆ. ಕಡ್ಲೆಕಾಯಿ ಕೀಳುವಾಗ ಬದುವಿನ ಸಡಿಲ ಮಣ್ಣಿನಿಂದ ಅದು ಎದ್ದು ಬರುತ್ತಿತ್ತು. ಕೆಂಪು-ಕಂದು ಬಣ್ಣ, ಗಿಡ್ಡ, ದಪ್ಪ, ಬಾಲವೂ ತಲೆಯಷ್ಟೇ ಮೊಂಡು. ಅದಕ್ಕೇ ಎರಡು ತಲೆ ಹಾವು ಅನ್ನುವುದು. ಅದೂ ಬೋವಾ ಕುಟುಂಬದ್ದೇ. ರೋಸಿಗೆ ತೀರಾ ಹತ್ತಿರದ ಸಂಬಂಧ ಅಲ್ಲ, ಆದರೆ ನಡವಳಿಕೆ ನೋಡಿದರೆ ದಾಯಾದಿ ಅನ್ನಬೇಕು. ಹೆದರಿದರೆ ತಲೆ ಬಚ್ಚಿಡುವುದು, ಬಾಲ ಮುಂದೆ ಮಾಡುವುದು, ಇಲಿ ತಿನ್ನುವುದು, ಮರಿ ಹಾಕುವುದು, ಯಾರ ಗೋಜಿಗೂ ಹೋಗದಿರುವುದು. ಆರು ತಿಂಗಳು ಒಂದು ತಲೆ, ಆರು ತಿಂಗಳು ಇನ್ನೊಂದು ತಲೆ ಕೆಲಸ ಮಾಡುತ್ತದೆ ಅನ್ನುತ್ತಿದ್ದರು. ಹಾವಾಡಿಗರು ಬಾಲದ ತುದಿಯಲ್ಲಿ ಗಾಯ ಮಾಡಿ ಕಣ್ಣು ಬಾಯಿ ಕಾಣುವಂತೆ ಮಾಡುತ್ತಿದ್ದದ್ದೂ ಅದಕ್ಕೇ.

ಚಿಕ್ಕಂದಿನಲ್ಲಿ ನಮಗೆ ಹೇಳಿಕೊಟ್ಟದ್ದು, ಅದು ನೆಕ್ಕಿದರೆ ತೊನ್ನು ಬರುತ್ತದೆ ಅಂತ. ಶುದ್ಧ ಸುಳ್ಳು. ಅದಕ್ಕೆ ವಿಷವೂ ಇಲ್ಲ, ನೆಕ್ಕುವುದೂ ಇಲ್ಲ. ಆದರೆ ಆ ಸುಳ್ಳಿನಿಂದ ಒಂದು ಉಪಕಾರ ಆಗಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಅಜ್ಜ ಗುದ್ದಲಿಯ ಹಿಂಬದಿಯಿಂದ ಪಕ್ಕಕ್ಕೆ ಸರಿಸಿ, ಇಲಿ ತಿಂದುಕೊಂಡಿರಲಿ ಬಿಡ್ರೋ ಅನ್ನುತ್ತಿದ್ದರು.

ಆಮೇಲೆ ಹೊಸ ಸುಳ್ಳು ಬಂತು. ಮನೆಯಲ್ಲಿಟ್ಟರೆ ಐಶ್ವರ್ಯ, ನಿಧಿ ತೋರಿಸುತ್ತದೆ, ಔಷಧಿಗೆ ಆಗುತ್ತದೆ, ಫಾರಿನ್‌ನವರು ತೂಕಕ್ಕೆ ಇಷ್ಟು ಲಕ್ಷ ಅಂತ ಕೊಡುತ್ತಾರೆ. ಕೊಡುವ ಆ ಫಾರಿನ್‌ನವನನ್ನು ಕಣ್ಣಾರೆ ಕಂಡವರನ್ನು ನಾನು ಇನ್ನೂ ನೋಡಿಲ್ಲ. ಹಿಡಿದವನು ದಲ್ಲಾಳಿಗೆ, ದಲ್ಲಾಳಿ ಇನ್ನೊಬ್ಬ ದಲ್ಲಾಳಿಗೆ, ಎಲ್ಲರೂ ಮುಂದಿನವನ ಆಸೆಯ ಮೇಲೆ ದುಡ್ಡು ಹಾಕುತ್ತಾರೆ, ಅಷ್ಟರಲ್ಲಿ ಹಾವು ಗೋಣಿಚೀಲದಲ್ಲಿ ಉಪವಾಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ಪೇಪರಿನಲ್ಲಿ ಆಗಾಗ ಫೋಟೋ ಬರುತ್ತದೆ, ಪೊಲೀಸರು ನಿಂತಿರುತ್ತಾರೆ, ಆರೋಪಿಗಳು ಕೂತಿರುತ್ತಾರೆ, ಮುಂದೆ ಬಕೆಟ್ಟಿನಲ್ಲಿ ಹಾವು. ನನ್ನ ರೋಸಿಗೆ ಬೆಲೆ ಕಟ್ಟುವವರಿಲ್ಲ ಅಂತ ಮೇಳದಲ್ಲಿ ನನಗೆ ಬೇಜಾರಾಗುತ್ತಿತ್ತು. ಈ ಫೋಟೋಗಳನ್ನು ನೋಡಿದ ಮೇಲೆ ಆ ಬೇಜಾರು ಹೋಯಿತು. ಮೂಲೆಯ ಟೇಬಲ್ಲೇ ಅದಕ್ಕೆ ಕ್ಷೇಮ.

ಊರಿನಲ್ಲಿ ಅಕ್ಕನ ಮಗನಿಗೆ ಹಾವಿನ ಹುಚ್ಚು. ಮಾವ, ಬರುವಾಗ ನನಗೂ ಒಂದು ರೋಸಿ ತಗೊಂಡು ಬನ್ನಿ ಅಂತ ಒಂದೇ ವರಾತ. ಬೋವಾಗಳು ದೇಶ ದಾಟಬೇಕಾದರೆ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಬೇಕು, ಇಂಡಿಯಾದಲ್ಲಿ ಇಟ್ಟುಕೊಳ್ಳಲು ನೋಂದಣಿ ಬೇಕು. ಕಾಗದವಿಲ್ಲದೆ ತಂದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರು ಏರ್‌ಪೋರ್ಟೇ ಸಾಕ್ಷಿ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 78 ಪ್ರಾಣಿಗಳು ಸಿಕ್ಕವು. ಅದರಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ. ಜೊತೆಗಿದ್ದ ಆರು ಪುಟ್ಟ ಕೋತಿಗಳು ಸತ್ತೇ ಹೋಗಿದ್ದವು. ಇದನ್ನು ಅವನಿಗೆ ಹೇಳಿ, ಸಾಕುವುದು ಬೇಡ, ನೋಡುವುದು ಕಲಿ, ಹೊಲದಲ್ಲೇ ಎಷ್ಟೊಂದಿವೆ ಅಂದೆ.

ಹುಡುಗ ಮಾತು ಕೇಳಿದ. ಕಳೆದ ಮಳೆಗಾಲದಲ್ಲಿ ಒಂದು ಫೋಟೋ ಕಳಿಸಿದ. ನಮ್ಮದೇ ಬದು, ಒದ್ದೆ ಕೆಂಪು ಮಣ್ಣು, ಅರ್ಧ ಮೈ ಹೊರಗಿಟ್ಟ ಮಣ್ಣುಮುಕ್ಕ, ಒಳ್ಳೆಯ ದಪ್ಪದ್ದು. ಮುಟ್ಟಿಲ್ಲ ಮಾವ, ದೂರದಿಂದ ತೆಗೆದೆ ಅಂದ. ಭೇಷ್ ಅಂದೆ. ಯಾರಿಗೂ ಕಳಿಸಬೇಡ, ಯಾವ ಹೊಲ ಅಂತ ಹೇಳಬೇಡ, ಮೊದಲು ಡಿಲೀಟ್ ಮಾಡು ಅಂದೆ. ಸರಿ ಅಂದ. ಅಷ್ಟು ಹೊತ್ತಿಗೆ ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟಿದ್ದ. ನಾನು ತೆರೆದು ನೋಡುವಷ್ಟರಲ್ಲಿ ಚಿಕ್ಕಪ್ಪ ಕೆಳಗೆ ಬರೆದಿದ್ದರು: ಎಷ್ಟು ಕೆಜಿ ಬರಬಹುದು?